ಬಾರ್ ಮುಂದೆ ಕಾಣೆಯಾದ ಹೆದ್ದಾರಿ

ನಮ್ಮ ಬಡಾವಣೆ ಮುಂದಿನ ರಸ್ತೆಗೆ ಒಂದು ಗುಣ ಇದೆ. ಬೇಕಾದಾಗ ಹೆದ್ದಾರಿ ಆಗುತ್ತದೆ, ಬೇಡವಾದಾಗ ಬೀದಿ ಆಗುತ್ತದೆ. ಯಾರಿಗೆ ಬೇಕಾದಾಗ ಅಂತ ಮಾತ್ರ ಕೇಳಬೇಡಿ.

ಮೊದಲು ಅದು ಅಪ್ಪಟ ರಾಜ್ಯ ಹೆದ್ದಾರಿಯೇ. ಎರಡೂ ಕಡೆ ಹೊಲ, ನಡುವೆ ಡಾಂಬರು, ಬದಿಯಲ್ಲಿ ಹಸಿರು ತಲೆಯ ಮೈಲಿಗಲ್ಲು. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿಗೆ, ಹಸಿರು ತಲೆಯದು ರಾಜ್ಯ ಹೆದ್ದಾರಿಗೆ. ಆಮೇಲೆ ಹೊಲ ಸೈಟಾಯಿತು, ಸೈಟಲ್ಲಿ ನಾವು ಮನೆ ಕಟ್ಟಿಕೊಂಡೆವು. ಗ್ಯಾರೇಜು ಬಂತು, ಕಲ್ಯಾಣ ಮಂಟಪ ಬಂತು, ಎಲ್‌ಕೆಜಿ ಶಾಲೆ ಬಂತು, ಬಾರ್ ಅಂಡ್ ರೆಸ್ಟೋರೆಂಟೂ ಬಂತು. ಕಲ್ಲು ಮಾತ್ರ ಅಲ್ಲೇ ಉಳಿಯಿತು. ಈಗ ಅದರ ಮೇಲೆ ಹೂವಿನವರು ಬುಟ್ಟಿ ಇಡುತ್ತಾರೆ.

ಒಂದು ದಿನ ರಸ್ತೆ ಅಗಲ ಮಾಡುವವರು ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದರು. ನಮ್ಮ ಕಾಂಪೌಂಡಿಗೆ ಗೀಟು ಎಳೆದರು. 'ಇದು ಮನೆಗಳಿರೋ ಬೀದಿ ಅಲ್ವಾ ಸ್ವಾಮಿ' ಅಂದೆ. ಬ್ರಷ್ ಹಿಡಿದವನು ನನ್ನನ್ನು ಪಾಪ ಅನ್ನೋ ಹಾಗೆ ನೋಡಿದ. 'ಸ್ಟೇಟ್ ಹೈವೇ ಸಾರ್ ಇದು.' ಗೇಟು ಹೋಯಿತು, ತುಳಸಿಕಟ್ಟೆ ಹೋಯಿತು, ಅರ್ಧ ನುಗ್ಗೆಮರ ಹೋಯಿತು. ಹೆದ್ದಾರಿಗೆ ತಾನೇ ಕೊಟ್ಟಿದ್ದು ಅಂತ ಸಮಾಧಾನ ಮಾಡಿಕೊಂಡೆವು.

ಅಷ್ಟರಲ್ಲಿ 2016ರ ಡಿಸೆಂಬರ್ 15 ಬಂತು. ಕುಡಿದು ಓಡಿಸಿ ಜನ ಸಾಯುತ್ತಿದ್ದಾರೆ, ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯ ಅಂಚಿನಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಹೆದ್ದಾರಿಯಿಂದ ಕಣ್ಣಿಗೆ ಬೀಳುವ ಹಾಗೆ ಬೋರ್ಡೂ ಇರಬಾರದು. ನಮ್ಮ ಬಾರಿನವರು ಮೊದಲು ಬೋರ್ಡಿಗೇ ಕೈ ಹಾಕಿದರು. 'ಬಾರ್ ಅಂಡ್' ಎನ್ನುವುದಕ್ಕೆ ಸುಣ್ಣ ಬಳಿದರು, 'ರೆಸ್ಟೋರೆಂಟ್' ಉಳಿಯಿತು. ಒಂದು ಮಳೆ ಬಂತು ನೋಡಿ, 'ಅಂಡ್' ಮತ್ತೆ ಇಣುಕಿತು. ಒಂದಿಡೀ ತಿಂಗಳು ನಮ್ಮೂರಲ್ಲಿ 'ಅಂಡ್ ರೆಸ್ಟೋರೆಂಟ್' ಅಂತ ಒಂದು ಅಂಗಡಿ ಇತ್ತು.

ಆಮೇಲೆ ಟೇಪು ಹಿಡಿದ ಕಾಲ. 2017ರ ಮಾರ್ಚ್ 31ಕ್ಕೆ ಕೋರ್ಟು ಸ್ವಲ್ಪ ಸಡಿಲ ಮಾಡಿ, 20,000 ಜನಸಂಖ್ಯೆಯ ಒಳಗಿನ ಊರುಗಳಿಗೆ 220 ಮೀಟರ್ ಸಾಕು ಅಂದಿತು. ಜನಗಣತಿ ಅಂದರೆ ಆಕಳಿಸುತ್ತಿದ್ದವರೆಲ್ಲ ತಮ್ಮೂರಲ್ಲಿ ಎಷ್ಟು ತಲೆ ಅಂತ ಎಣಿಸತೊಡಗಿದರು. ಕೇರಳದ ಉತ್ತರ ಪರವೂರಿನ ಬಾರೊಂದರದು ಇನ್ನೂ ಮೇಲು. ಅವರು ಬಾರನ್ನು ಹಿಂದೆ ಸರಿಸಲಿಲ್ಲ, ಬಾಗಿಲಿಗೆ ಹೋಗುವ ದಾರಿಯನ್ನೇ ಸುತ್ತಿ ಸುತ್ತಿ ಚಕ್ರವ್ಯೂಹ ಕಟ್ಟಿಸಿದರು. ದೂರ ಅಂದರೆ ನಡೆದು ಹೋಗುವ ದೂರ ತಾನೇ? ಒಳಗೆ ಹೋಗುವುದಕ್ಕೆ ಅಭಿಮನ್ಯುವಿಗೂ ಕಷ್ಟ ಆಗುತ್ತಿರಲಿಲ್ಲ ಬಿಡಿ. ಕುಡಿದವರು ಹೊರಗೆ ಬರುವುದು ಹೇಗೆ ಅನ್ನುವುದೇ ನನ್ನ ಚಿಂತೆ.

ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ, ಅಂದರೆ ಬಾರುಗಳ ಪರವಾನಗಿ ವರ್ಷ, ಶುರುವಾಗುವುದು ಜುಲೈ 1ಕ್ಕೆ. 2017ರ ಆ ದಿನ ಬೆಂಗಳೂರಿನ ಎಂ.ಜಿ. ರಸ್ತೆಯ ಪಬ್ಬುಗಳೂ ಬಾಗಿಲು ಹಾಕಿದವು. ಮೆಟ್ರೊ ಇಳಿದು ಕಾಫಿಗೆ ಹೋಗುತ್ತಿದ್ದ ಎಷ್ಟೋ ಜನಕ್ಕೆ ತಾವು ದಿನಾ ದಾಟುತ್ತಿದ್ದುದು ಹೆದ್ದಾರಿ ಅಂತ ಗೊತ್ತಾಗಿದ್ದೇ ಅವತ್ತು.

ಆದರೆ ಸರ್ಕಾರಗಳು ಸುಮ್ನೆ ಕೂರುತ್ತವಾ? ಬಾರನ್ನು ರಸ್ತೆಯಿಂದ ದೂರ ಮಾಡುವುದು ಕಷ್ಟ, ರಸ್ತೆಯಿಂದ ಹೆದ್ದಾರಿಯನ್ನು ಕಿತ್ತುಹಾಕುವುದು ಸುಲಭ. ಚಂಡೀಗಢದವರು ಆ ಮಾರ್ಚ್‌ನಲ್ಲೇ ತಮ್ಮ ರಾಜ್ಯ ಹೆದ್ದಾರಿಗಳನ್ನು ಜಿಲ್ಲಾ ಮುಖ್ಯರಸ್ತೆ ಅಂತ ಕರೆದು ಕೈ ತೊಳೆದುಕೊಂಡಿದ್ದರು. ನಮ್ಮಲ್ಲೂ ಊರೊಳಗಿನ ಹೆದ್ದಾರಿ ತುಂಡುಗಳು ಡಿನೋಟಿಫೈ ಆದವು. ಕರ್ನಾಟಕದವರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಾ? ಇಷ್ಟು ದಿನ ಜಮೀನು ಡಿನೋಟಿಫೈ ಆಗುವುದನ್ನು ನೋಡಿದ್ದೆವು, ರಸ್ತೆ ಆಗಿದ್ದು ಹೊಸದು. ರಸ್ತೆಯ ಹೊಂಡ ಮುಚ್ಚಲು ಮೂರು ವರ್ಷದಿಂದ ಅರ್ಜಿ ಕೊಟ್ಟಿದ್ದೆವು, ಕಡತ ಮೇಜಿನಿಂದ ಮೇಜಿಗೂ ಸರಿದಿರಲಿಲ್ಲ. ಇದು ಮಾತ್ರ ಕಾಲು ಬಂದ ಹಾಗೆ ಓಡಿತು. ಜುಲೈ 11ಕ್ಕೆ ಕೋರ್ಟೂ ಚಂಡೀಗಢದ ಲೆಕ್ಕ ಒಪ್ಪಿ, ಪುರಸಭೆ, ನಗರಸಭೆ ಗಡಿಯೊಳಗಿನ ಪರವಾನಗಿಗಳಿಗೆ ಈ ನಿಷೇಧ ಇಲ್ಲ ಅಂದುಬಿಟ್ಟಿತು. ಅಲ್ಲಿಗೆ ಇಷ್ಟೆಲ್ಲ ಹೆಸರು ಬದಲಾಯಿಸಿದ್ದೂ ದಂಡ.

ಬಾರು ತೆರೆಯಿತು, ಹೊಸ ಬೋರ್ಡು ಬಂತು, ಸುತ್ತ ಮಿಣುಕು ದೀಪ ಬೇರೆ. ಹೆದ್ದಾರಿ ಮಾತ್ರ ವಾಪಸ್ ಬರಲಿಲ್ಲ. ನಾನು ಖುಷಿಯಾಗಿ ಕಚೇರಿಗೆ ಹೋದೆ. 'ಈಗ ಹೈವೇ ಅಲ್ವಲ್ಲ, ನನ್ನ ತುಳಸಿಕಟ್ಟೆ ಜಾಗ?' ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. 'ಅದು ಹೈವೇಗೆ ತಗೊಂಡಿದ್ದಲ್ವಾ ಯಜಮಾನ್ರೇ, ಹೆಂಗೆ ವಾಪಸ್ ಕೊಡಕ್ಕಾಗುತ್ತೆ?' ಹೊಂಡದ ಅರ್ಜಿ ತೆಗೆದೆ. 'ಇದು ಹೈವೇ ಅಲ್ಲ, ನಗರಸಭೆಗೆ ಕೊಡಿ' ಅಂದರು. ನಗರಸಭೆಯವರು 'ಇನ್ನೂ ನಮಗೆ ಹಸ್ತಾಂತರ ಆಗಿಲ್ಲ' ಅಂದರು. ನಡುವೆ ಇರುವ ಹೊಂಡ ಯಾರ ವ್ಯಾಪ್ತಿಗೂ ಬರದೆ, ಸ್ವತಂತ್ರವಾಗಿ ಬೆಳೆಯುತ್ತಿದೆ.

ಲಾರಿಗಳಿಗಂತೂ ಡಿನೋಟಿಫಿಕೇಷನ್ ಸುದ್ದಿ ಮುಟ್ಟಿಲ್ಲ. ಹಿಂದಿನ ಹಾಗೇ ಎಂಬತ್ತರಲ್ಲಿ ಬರುತ್ತವೆ, ಶಾಲೆ ಮುಂದಿನ ಹಂಪಲ್ಲಿ ಎಗರುತ್ತವೆ. ಮೊನ್ನೆ ಸಂಜೆ ಒಬ್ಬ ಡ್ರೈವರ್ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ತಲೆ ಹಾಕಿ ಕೇಳಿದ.

'ಅಮ್ಮಾ, ಸ್ಟೇಟ್ ಹೈವೇ ಎಲ್ಲಿ ಸಿಗುತ್ತೆ?'

ಹೂವಿನವರು ಹಸಿರು ಕಲ್ಲಿನ ಮೇಲಿದ್ದ ಬುಟ್ಟಿಗೆ ನೀರು ಚಿಮುಕಿಸುತ್ತಾ, ತಲೆ ಎತ್ತದೆ ಹೇಳಿದರು.

'ಹಿಂಗೇ ನೇರ ಹೋಗಪ್ಪ. ಬಾರ್‌ಗಳು ಮುಗಿದ ತಕ್ಷಣ ಹೈವೇ ಶುರುವಾಗುತ್ತೆ.'