ಸತ್ಯಾಂಶ: ಕೈಯಲ್ಲಿ ವಾಕಿಟಾಕಿ ಇದ್ದರೆ ದಾವಣಗೆರೆಯಿಂದ ದುರ್ಗಕ್ಕೆ ಮಾತು ಮುಟ್ಟುತ್ತಾ?

‘5 ವ್ಯಾಟಿನ ಹ್ಯಾಮ್ ವಾಕಿಟಾಕಿ ತಗೊಳ್ಳಿ. ಲೈಸೆನ್ಸ್ ಬೇಡ. ದಾವಣಗೆರೆಯಲ್ಲಿ ನಿಂತು ಚಿತ್ರದುರ್ಗದವರ ಜೊತೆ ಮಾತಾಡಿ.’ ವಾಟ್ಸಾಪಿನಲ್ಲಿ ಹರಿದಾಡುವ ಈ ಮಾತು ತಪ್ಪು. (ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ.)

ಈ ಸೆಟ್ಟುಗಳು ಬಳಸುವ 144–146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಭೂಮಿ ಬಾಗಿದೆ ಅಲ್ವಾ? ಬಯಲಿನಲ್ಲಿ ನಿಂತ ಇಬ್ಬರ ನಡುವೆ ಸುಮಾರು 10 ಕಿ.ಮೀ. ದಾಟಿದರೆ ನೆಲವೇ ಅಡ್ಡ ಬರುತ್ತದೆ. ಊರೊಳಗೆ ಕಟ್ಟಡಗಳಿಂದ ಇನ್ನೂ ಕಡಿಮೆ. ಎರಡೂ ಊರಿನ ನಡುವೆ ರಸ್ತೆಯಲ್ಲೇ ಸುಮಾರು 60 ಕಿ.ಮೀ. ಇದೆ. ಇಲ್ಲಿ ವ್ಯಾಟಿಗಿಂತ ಎತ್ತರ ಮುಖ್ಯ. ಜೋಗಿಮಟ್ಟಿಯಂಥ ಬೆಟ್ಟದ ಮೇಲೆ ನಿಂತರೆ ಅದೇ ಸೆಟ್ಟು ಎಷ್ಟೋ ದೂರ ಮುಟ್ಟುತ್ತದೆ. ಎತ್ತರದಲ್ಲಿ ರಿಪೀಟರ್ ಇದ್ದರೂ ಅಷ್ಟೇ: ಈ ಯಂತ್ರ ನಿಮ್ಮ ಮಾತನ್ನು ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡು, ಇನ್ನೊಂದರಲ್ಲಿ ಮತ್ತೆ ಬಿಡುತ್ತದೆ.

ಲೈಸೆನ್ಸ್ ಬೇಕೇ ಬೇಕು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಪಾಸಾದರೆ ಕೇಂದ್ರ ಸರ್ಕಾರ ಲೈಸೆನ್ಸ್ ಜೊತೆ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ನಿಮ್ಮನ್ನು ಗುರುತಿಸುವ ಹೆಸರು, ಕೊಡುತ್ತದೆ.

ಹೊಸಬರಿಗೆ ನನ್ನ ಕೋರಿಕೆ ಇಷ್ಟೇ. ಮೊದಲು ಸುಮ್ನೆ ಕೇಳಿಸಿಕೊಳ್ಳಿ. ಆಂಟೆನಾ ನೆಟ್ಟಗಿರಲಿ. ಮಾತಾಡುವ ಗುಂಡಿ ಒತ್ತಿ, ಒಂದು ಕ್ಷಣ ಬಿಟ್ಟು ಮಾತಾಡಿ. ಇಲ್ಲದಿದ್ದರೆ ನಿಮ್ಮ ಮೊದಲ ಪದವೇ ಕಟ್ ಆಗುತ್ತದೆ.