ನೂರಕ್ಕೆ ನೂರು ಪ್ಲೇಸ್‌ಮೆಂಟು

ದಾವಣಗೆರೆಯ ಕರೆಂಟ್ ಕಂಬಗಳನ್ನು ನೋಡಿದ್ದೀರಲ್ಲ? ಪೈಲ್ಸ್ ಚಿಕಿತ್ಸೆಯ ಚೀಟಿ ಮೇಲೆಯೇ 'ಮೂರು ತಿಂಗಳಲ್ಲಿ ಫುಲ್ ಸ್ಟ್ಯಾಕ್ ಡೆವಲಪರ್, 100% ಪ್ಲೇಸ್‌ಮೆಂಟ್' ಅಂತ, ಅಂದರೆ ವೆಬ್‌ಸೈಟನ್ನು ಒಳಗೂ ಹೊರಗೂ ಪೂರ್ತಿ ಕಟ್ಟುವವನನ್ನಾಗಿ ಮಾಡುತ್ತೇವೆ ಅಂತ, ಕೋಡಿಂಗ್ ಕಲಿಸುವ ಇನ್‌ಸ್ಟಿಟ್ಯೂಟಿನವರು ಅಂಟಿಸಿದ್ದಾರೆ. ಗ್ಯಾರಂಟಿ ಎರಡರಲ್ಲೂ ಇದೆ. ಅವರು 'ಆಪರೇಷನ್ ಇಲ್ಲದೆ' ಅನ್ನುತ್ತಾರೆ, ಇವರು 'ಕೋಡಿಂಗ್ ಗೊತ್ತಿಲ್ಲದಿದ್ದರೂ' ಅನ್ನುತ್ತಾರೆ.

1951ರಲ್ಲೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ನಮ್ಮದು. ಪಾಪ, ಆ ಯುಬಿಡಿಟಿ ಕಾಲೇಜಿನವರು ನಾಲ್ಕು ವರ್ಷ ಓದಿಸುತ್ತಾರೆ. ಎಂಥ ಸೋಮಾರಿಗಳು!

ನೂರಕ್ಕೆ ನೂರು ಹೇಗೆ ಬರುತ್ತದೆ ಅಂತೀರಾ? ಸುಲಭ. ಕೆಲಸ ಸಿಗದ ಹುಡುಗನನ್ನು ಅಲ್ಲೇ ಮೇಷ್ಟ್ರು ಮಾಡಿದರಾಯಿತು. ಹೋದ ಬ್ಯಾಚಿನವನು ಈ ಬ್ಯಾಚಿಗೆ ಜಾವಾಸ್ಕ್ರಿಪ್ಟ್ ಕಲಿಸುತ್ತಾನೆ. ಇವರಲ್ಲಿ ಉಳಿದವನು ಮುಂದಿನ ಬ್ಯಾಚಿಗೆ. ಬ್ಯಾಚು ನಿಲ್ಲದಿದ್ದರೆ ನಿರುದ್ಯೋಗವೇ ಇಲ್ಲ, ಅಲ್ವಾ?

ಅಮೆರಿಕದಲ್ಲೂ ಇಂಥ ಲೆಕ್ಕಾಚಾರ ನಡೆದಿತ್ತು. ಬ್ಲೂಮ್‌ಟೆಕ್ ಅನ್ನುವ ಬೂಟ್‌ಕ್ಯಾಂಪು (ಇಂಥದ್ದೇ ಕೋಡಿಂಗ್ ಇನ್‌ಸ್ಟಿಟ್ಯೂಟು) 86% ಜನಕ್ಕೆ ಕೆಲಸ ಕೊಡಿಸಿದ್ದೇವೆ ಅಂತಲೂ ಹೇಳಿಕೊಂಡಿತ್ತು. ಅದರ ಒಳಲೆಕ್ಕ ಮಾತ್ರ ಐವತ್ತರ ಆಸುಪಾಸು. 2024ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಹಿಡಿದು, ಇನ್ನು ಮೇಲೆ ವಿದ್ಯಾರ್ಥಿಗಳಿಗೆ ಫೀಸಿಗೆ ಅಂತ ಸಾಲವನ್ನೇ ಕೊಡಕೂಡದು ಅಂದಿತು. ನಮ್ಮಲ್ಲಿ ಕಂಬದ ಚೀಟಿಯನ್ನು ಮಳೆ ಬಿಟ್ಟು ಬೇರೆ ಯಾರೂ ಮುಟ್ಟುವುದಿಲ್ಲ.

ಇನ್ನು ಕೆಲಸ ಕೊಡುವ ಬೆಂಗಳೂರಿನ ಮಹಾನುಭಾವರು. 'ಡಿಗ್ರಿ ಬೇಡ, ಸ್ಕಿಲ್ ಸಾಕು' ಅಂತ ವೇದಿಕೆ ಮೇಲೆ ಭಾಷಣ. ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲದರಲ್ಲೂ 60% ಕೇಳುತ್ತಾರೆ. ಫ್ರೆಶರ್ ಬೇಕು, ಆದರೆ ಎರಡು ವರ್ಷ ಅನುಭವ ಇರಬೇಕು! ನಮ್ಮ ಬೆಣ್ಣೆ ದೋಸೆ ಹೋಟೆಲಿನ ಯಜಮಾನರೇ ವಾಸಿ. ಸೌಟು ಕೈಗೆ ಕೊಟ್ಟು, 'ಮೂರು ದೋಸೆ ಹುಯ್ಯಪ್ಪ' ಅನ್ನುತ್ತಾರೆ. ಬಂದರೆ ಕೆಲಸ, ಇಲ್ಲದಿದ್ದರೆ ಒಂದು ದೋಸೆ ತಿನ್ನಿಸಿ ಕಳಿಸುತ್ತಾರೆ. ಈ ಕಂಪನಿಯವರು ರಾತ್ರಿ ಬಸ್ಸಿನಲ್ಲಿ ಬಂದ ಹುಡುಗನಿಗೆ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಡೇಟಾ ಸಾಲು) ತಿರುಗಿಸು ಅನ್ನುತ್ತಾರೆ. ಸೇರಿದ ಮೇಲೆ ಅವನು ಮಾಡುವುದು ಬಟನ್ನಿನ ಬಣ್ಣ ಬದಲಿಸುವ ಕೆಲಸ. ಅವನ ರೆಸ್ಯೂಮೆಯಲ್ಲಿ ಟು-ಡು ಲಿಸ್ಟ್ ಆ್ಯಪ್ ಇರುತ್ತದೆ. ಪಕ್ಕದವನದ್ದರಲ್ಲೂ ಅದೇ, ಕಾಗುಣಿತದ ತಪ್ಪಿನ ಸಮೇತ.

ತಮಾಷೆ ಸಾಕು. ಆ ಫೀಸು ಜಗಳೂರು ಕಡೆಯ ಯಾರದೋ ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು. ಸಾಲದ್ದಕ್ಕೆ ಇಎಂಐ ಬೇರೆ. ಕೆಲಸ ಸಿಗದಿದ್ದರೆ ತಪ್ಪು ಹುಡುಗನದ್ದೇ, 'ಅವನು ಪ್ರಾಕ್ಟೀಸ್ ಮಾಡಲಿಲ್ಲ ಸರ್.' ನಾಚಿಕೆ ಆಗಬೇಕು.

ಫೀಸು ಕಟ್ಟುವ ಮುಂಚೆ ಹೋದ ಬ್ಯಾಚಿನವರು ಯಾವ ಕಂಪನಿಯಲ್ಲಿದ್ದಾರೆ, ಸಂಬಳ ಎಷ್ಟು, ಪಟ್ಟಿ ಕೇಳಿ ನೋಡಿ. 'ಅದು ಪ್ರೈವಸಿ ಸರ್' ಅನ್ನುತ್ತಾರೆ. ಅದೇ ಹುಡುಗರ ಫೋಟೋ ಫ್ಲೆಕ್ಸಿನಲ್ಲಿ ಆಳೆತ್ತರ ನಿಂತಿದೆ.