ಮೂಗಿಗೆ ತುಪ್ಪ, ಪುದೀನ ಘಮದಲ್ಲಿ

ಮಳೆ ಹಿಡಿಯಿತು ಅಂದ್ರೆ ಟಿವಿಯಲ್ಲಿ ನೀಲಿ ಗಾಳಿ ಬೀಸೋಕೆ ಶುರು. ಆ ಜಾಹೀರಾತು ನೀವೂ ನೋಡಿರ್ತೀರಿ. ಅಮ್ಮ ಮಗುವಿನ ಎದೆಗೆ ಮುಲಾಮು ಸವರುತ್ತಾಳೆ. ಮಗುವಿನ ಮೈ ಗಾಜಿನ ಹಾಗಾಗುತ್ತದೆ. ನೀಲಿ ಹೊಗೆ ಮೂಗಿನಿಂದ ಸೀದಾ ಶ್ವಾಸಕೋಶಕ್ಕೆ ಇಳಿದು ಹಸಿರು ಕಫವನ್ನು ಅಟ್ಟಾಡಿಸುತ್ತದೆ. ಆ ಕಫಕ್ಕೆ ಕಣ್ಣು, ಹಲ್ಲು ಎಲ್ಲ ಉಂಟು. ಬಯಲಾಟದ ರಕ್ಕಸ ಸಾಯೋಕೆ ಅರ್ಧ ಗಂಟೆಯಾದರೂ ಕುಣೀತಾನೆ. ಇದು ಕಣ್ಣು ಮಿಟುಕಿಸೋದರೊಳಗೆ ಖಲಾಸ್.

ಕೈ ಮುಗಿಯಲೇಬೇಕು. ಯಾಕಂದ್ರೆ ವಿಜ್ಞಾನಿಗಳ ಕೈಲಿ ಇದು ಆಗಲಿಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನೆಗಡಿಗೆ ಅಂತಲೇ ಒಂದು ಸಂಶೋಧನಾ ಕೇಂದ್ರ ಇತ್ತು. ಅದನ್ನು ನಡೆಸಿದ ರಾನ್ ಎಕಲ್ಸ್ 1980ರ ದಶಕದಲ್ಲಿ ಇಂಥ ಮುಲಾಮಿಗೆ ತಂಪು ಘಮ ಕೊಡುವ ಮೆಂಥಾಲನ್ನು ಜನರಿಗೆ ಮೂಸಲು ಕೊಟ್ಟರು. ಮೂಗಿನಲ್ಲಿ ಗಾಳಿ ಎಷ್ಟು ಹರಿಯುತ್ತೆ ಅಂತ ಯಂತ್ರ ಇಟ್ಟು ಅಳೆದರು. ಜನ ಹೇಳಿದ್ದು: ಆಹಾ, ಮೂಗು ಬಿಟ್ಟಿತು. ಯಂತ್ರ ಹೇಳಿದ್ದು: ಕಟ್ಟಿದ್ದು ಕಟ್ಟಿದ ಹಾಗೇ ಇದೆ.

ಪುದೀನ ಜಾತಿಯ ಗಿಡದಿಂದ ಬರುವ ಈ ಮೆಂಥಾಲ್ ಮೂಗಿನ ಒಳಗೆ ತಂಪು ಗುರುತಿಸುವ ನರವನ್ನು ಕೆಣಕುತ್ತೆ, ಅಷ್ಟೇ. ಆ ನರದಲ್ಲಿ ಚಳಿಗೆ ಸ್ಪಂದಿಸುವ ಗ್ರಾಹಕಕ್ಕೂ (ಅಂದ್ರೆ ಸಂವೇದನೆ ಹಿಡಿಯುವ ಪ್ರೋಟೀನಿಗೂ) ಮೆಂಥಾಲ್‌ಗೆ ಸ್ಪಂದಿಸುವುದಕ್ಕೂ ವ್ಯತ್ಯಾಸವಿಲ್ಲ, ಎರಡೂ ಒಂದೇ ಅಂತ 2002ರಲ್ಲಿ ಗೊತ್ತಾಯಿತು. ತಂಪು ಗಾಳಿ ಬರ್ತಿದೆ, ಅಂದಮೇಲೆ ಬಾಗಿಲು ತೆಗೆದೇ ಇರಬೇಕು ಅಂತ ಮೆದುಳು ನಂಬುತ್ತದೆ. ಪಾಪ, ಮೂಗಿಗೆ ತುಪ್ಪ ಸವರಿದ್ದು ಅದಕ್ಕೂ ತಿಳಿಯಲ್ಲ. ರಾತ್ರಿ ಎರಡು ಗಂಟೆಗೆ ಮೂಗು ಕಟ್ಟಿದವನಿಗೆ ಆ ಸುಳ್ಳೂ ಸಿಹಿಯೇ, ತಕರಾರಿಲ್ಲ. ಆದರೆ ಹಾಗಂತಲೇ ಹೇಳಿ ಮಾರಬಹುದಲ್ವಾ?

ಗಿಡಗಳೆಲ್ಲ ಮೋಸ ಅಂತಲ್ಲ. ಊಟಿಗೆ ಹೋದ ಪ್ರತಿ ಕನ್ನಡಿಗನೂ ಚಾಕೊಲೇಟ್ ಜೊತೆ ಒಂದು ಬಾಟಲಿ ನೀಲಗಿರಿ ಎಣ್ಣೆ ತರ್ತಾನೆ. ಅದು ಕಪಾಟಿನಲ್ಲೇ ಮುದಿಯಾಗುತ್ತೆ. ಆ ಎಣ್ಣೆಯಲ್ಲಿರುವ ಸಿನಿಯೋಲ್ ಅನ್ನು ಜರ್ಮನಿಯವರು ಕ್ಯಾಪ್ಸೂಲ್ ಮಾಡಿದರು. ಸೈನಸ್ ಊತವಿದ್ದ 152 ಜನರಲ್ಲಿ ಕೆಲವರಿಗೆ ಅದನ್ನು, ಉಳಿದವರಿಗೆ ಸುಮ್ನೆ ಖಾಲಿ ಗುಳಿಗೆಯನ್ನು ಕೊಟ್ಟು ನೋಡಿದರು. ದಿನಕ್ಕೆ ಮೂರು ಸಲ, 200 ಮಿಲಿಗ್ರಾಂ. ಸಿನಿಯೋಲ್ ನುಂಗಿದವರು ಬೇಗ ಸುಧಾರಿಸಿದರು. 2004ರಲ್ಲಿ ಅದು ಪ್ರಕಟವಾಯಿತು. ಅಳತೆ, ಹೋಲಿಕೆ, ಲೆಕ್ಕ ಎಲ್ಲ ಇದೆ. ನೀಲಿ ಹೊಗೆ ಮಾತ್ರ ಇಲ್ಲ.

ಇನ್ನು ನಮ್ಮ ಬೇಲಿಯ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನು ಆಡೂ ಮುಟ್ಟಲ್ಲ. ಅಜ್ಜಿ ಅದರ ಕಷಾಯ ಹಿಡಿದು ಬಂದರೆ ಮಕ್ಕಳು ಅಟ್ಟ ಹತ್ತುತ್ತಿದ್ದವು. ಅದರೊಳಗಿನ ವ್ಯಾಸಿಸಿನ್ ಅನ್ನೋ ಅಂಶವನ್ನೇ ಮಾದರಿ ಮಾಡಿಕೊಂಡು ಕಫ ತೆಳುವಾಗಿಸುವ ಬ್ರೊಮ್‌ಹೆಕ್ಸಿನ್ ತಯಾರಾಯಿತು. ಅದರ ಬೆನ್ನಿಗೆ ಆಂಬ್ರಾಕ್ಸಾಲ್ ಬಂತು. ಇವತ್ತು ಯಾವ ಕೆಮ್ಮಿನ ಸಿರಪ್ ಎತ್ತಿದರೂ ಇವೆರಡರಲ್ಲಿ ಒಂದರ ಹೆಸರು ಸಿಗೋದು ಜಾಸ್ತಿ. ಬೇಲಿಯಲ್ಲಿ ಪುಕ್ಕಟೆ ಬೆಳೆಯುವ ಗಿಡಕ್ಕೆ ಜಾಹೀರಾತು ಮಾಡೋರ್ಯಾರು?

ನಗೋದು ಇಲ್ಲಿಗೆ ಸಾಕು. 2021ರ ಏಪ್ರಿಲ್‌ನಲ್ಲಿ ಕೋವಿಡ್ ಜೋರಾಗಿದ್ದಾಗ ಒಂದು ಮೆಸೇಜ್ ಬಂತಲ್ಲ, ನೆನಪಿದೆಯಾ? ಕರ್ಪೂರ, ಲವಂಗ, ಅಜವಾನ, ನಾಲ್ಕು ಹನಿ ನೀಲಗಿರಿ ಎಣ್ಣೆ. ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತೆ ಅಂತ. ಓದಿದವರು, ಡಿಗ್ರಿ ಇದ್ದವರು, ಟಿವಿಯಲ್ಲಿ ಕೂತವರು ಎಲ್ಲ ಅದನ್ನು ಹಂಚಿದರು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಜನ ಸತ್ತರು. ಬೇಕಿದ್ದದ್ದು ಸಿಲಿಂಡರ್, ನಾವು ಒಬ್ಬರಿಗೊಬ್ಬರು ಕಳಿಸ್ತಿದ್ದದ್ದು ಪೊಟ್ಟಣದ ಫೋಟೊ. ಮನೆಯಲ್ಲೇ ಮೂಸುತ್ತಾ ಕೂತು ತಡವಾಗಿ ಆಸ್ಪತ್ರೆಗೆ ಹೋದವರು ಎಷ್ಟು ಜನವೋ, ಅದನ್ನು ಯಾರೂ ಎಣಿಸಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಬೇಸರ ಆಗುತ್ತೆ.

ಕರ್ಪೂರ ಪುಟ್ಟ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಅದಕ್ಕೇ ಅಮೆರಿಕದಲ್ಲಿ ಹಚ್ಚುವ ಮುಲಾಮಿನಲ್ಲೂ ಕರ್ಪೂರ ಶೇ. 11 ದಾಟುವ ಹಾಗಿಲ್ಲ. ಪೊಟ್ಟಣದಲ್ಲಿ ಎಷ್ಟಿತ್ತು? ಕೈಗೆ ಸಿಕ್ಕಷ್ಟು. ಕಟ್ಟಿದ್ದು ಮಗುವಿನ ಕೊರಳಿಗೆ.

ಈ ಮಳೆಗಾಲದಲ್ಲಿ ಅದೇ ಮೆಸೇಜ್ ಅಪಾರ್ಟ್‌ಮೆಂಟ್ ಗ್ರೂಪಿಗೆ ಮತ್ತೆ ಬಂದಿದೆ. ಈ ಸಲ 'ಸೈಂಟಿಫಿಕ್ ಆಗಿ ಪ್ರೂವ್ ಆಗಿದೆ' ಅಂತ ಮೇಲೊಂದು ಸಾಲು. ಎಲ್ಲಿ ಪ್ರೂವ್ ಆಗಿದೆ ಸ್ವಾಮಿ ಅಂತ ಕೇಳಿದೆ. ಉತ್ತರ ಬಂತು, ಜೊತೆಗೆ ಎರಡು ಕೈ ಮುಗಿದ ಇಮೋಜಿ:

"ಒಂದ್ಸಲ ಮೂಸಿ ನೋಡಿ ಸಾರ್, ನಿಮಗೇ ಗೊತ್ತಾಗುತ್ತೆ."